ಹಾಲು, ರಾಗಿ ಮತ್ತು ಆಕಾಶದಿಂದ ಬಿದ್ದ ಧೂಳು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ರಾಜ್ಯದ ಹಾಲು, ರಾಗಿ ಮತ್ತಿತರ ಆಹಾರದಲ್ಲಿರುವ ವಿಕಿರಣಶೀಲ ಅಂಶಗಳ ಅಳತೆಯನ್ನು ಕನ್ನಡದಲ್ಲಿ ಪ್ರಕಟಿಸುವ ಬಗ್ಗೆ.

ಮಾನ್ಯರೇ,

ಬೆಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಸರ್ಕಾರಕ್ಕೆ ಹೀಗೆ ಎಲ್ಲರೆದುರು ಪತ್ರ ಬರೆಯುವ ರೂಢಿ ನನಗಿಲ್ಲ. ಬರೆಯುವಂತೆ ಮಾಡಿದ್ದು ಏಳು ವರ್ಷದ ನನ್ನ ಮೊಮ್ಮಗಳ ಒಂದು ಹಲ್ಲು.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅವಳ ಕೆಳಸಾಲಿನ ಮುಂದಿನ ಹಾಲುಹಲ್ಲು ಬಿತ್ತು. ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮಾಡಿನ ಮೇಲೆ ಎಸೆಯುತ್ತಿದ್ದೆವು. ಮೂರನೆಯ ಮಹಡಿಯ ಫ್ಲಾಟಿನಲ್ಲಿ ಸಗಣಿಯೂ ಇಲ್ಲ, ಹೆಂಚೂ ಇಲ್ಲ. ಮಗುವನ್ನು ಸಮಾಧಾನಪಡಿಸಲು ಬೇರೊಂದು ಊರಿನ ಮಕ್ಕಳು ತಮ್ಮ ಹಲ್ಲುಗಳನ್ನು ಏನು ಮಾಡಿದರೆಂಬುದನ್ನು ಕಥೆಯಂತೆ ಹೇಳಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರ ಡಿಸೆಂಬರಿನಲ್ಲಿ ಡಾ. ಲೂಯಿಸ್ ರೈಸ್ ಎಂಬ ವೈದ್ಯೆ ಮತ್ತು ಅವರ ಸಂಗಾತಿಗಳು ಮಕ್ಕಳ ಹಾಲುಹಲ್ಲುಗಳನ್ನು ಬೇಡಿ ಪಡೆಯಲು ಶುರುಮಾಡಿದರು. 1970ರ ಹೊತ್ತಿಗೆ ಸುಮಾರು 3,20,000 ಹಲ್ಲುಗಳು ಕೂಡಿದ್ದವು. ಹಲ್ಲು ಕೊಟ್ಟ ಮಗುವಿಗೆ, ವಿಜ್ಞಾನಕ್ಕೆ ಹಲ್ಲು ಕೊಟ್ಟಿದ್ದೇನೆ ಎಂದು ಬರೆದ ಬಿಲ್ಲೆಯೊಂದನ್ನು ಅಂಗಿಗೆ ಚುಚ್ಚಿಕೊಳ್ಳಲು ಕೊಡುತ್ತಿದ್ದರು. ಮೊಮ್ಮಗಳಿಗೆ ಆ ಬಿಲ್ಲೆಯ ಮೇಲೇ ಕಣ್ಣು. ಅದು ಸಿಗುವುದಿಲ್ಲವೆಂದು ಗೊತ್ತಾದ ಮೇಲೆ, "ಅಜ್ಜಿ, ಅವರ ಹಲ್ಲಲ್ಲಿ ಏನಿತ್ತು? ನನ್ನ ಹಲ್ಲಲ್ಲೂ ಇದೆಯಾ?" ಎಂದು ಕೇಳಿದಳು.

ಮೊದಲ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಎರಡನೆಯದಕ್ಕೆ ಉತ್ತರ ಹುಡುಕುತ್ತ ಈ ನಗರದ ಕಚೇರಿಗಳನ್ನು ಒಂದು ವರ್ಷ ಸುತ್ತಿದ್ದೇನೆ.

ಆ ಹಲ್ಲುಗಳಲ್ಲಿ ಇದ್ದದ್ದು ಸ್ಟ್ರಾನ್ಷಿಯಂ-90. ಅಣುಬಾಂಬಿನೊಳಗೆ ಯುರೇನಿಯಂ ಅಥವಾ ಪ್ಲುಟೋನಿಯಂ ಒಡೆದಾಗ ಹುಟ್ಟುವ ಈ ವಸ್ತು ಸ್ಫೋಟದ ಮೋಡದೊಂದಿಗೆ ಮೇಲೇರಿ, ದೊಡ್ಡ ಬಾಂಬಾದರೆ ವಾಯುಮಂಡಲದ ಮೇಲ್ಪದರಕ್ಕೇ ಹೋಗಿ ನಿಂತು, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಭೂಮಿಯನ್ನು ಸುತ್ತಿ, ಕೊನೆಗೆ ಮಳೆಯ ಜೊತೆ ಎಲ್ಲೆಂದರಲ್ಲಿ ಇಳಿಯುತ್ತದೆ. ಬಾಂಬ್ ಸಿಡಿಸಿದ ದೇಶ ಯಾವುದು, ಧೂಳು ಬಿದ್ದ ಹೊಲ ಯಾರದು ಎಂಬುದಕ್ಕೆ ಸಂಬಂಧವೇ ಇರುವುದಿಲ್ಲ. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಕ್ಯಾಲ್ಸಿಯಂನ ಕೆಳಗಿನ ಮನೆಯೇ ಸ್ಟ್ರಾನ್ಷಿಯಂನದು. ಹೀಗಾಗಿ ಗಿಡವಾಗಲಿ ಹಸುವಾಗಲಿ ಮಗುವಾಗಲಿ ಅದನ್ನು ಸುಣ್ಣವೆಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಎಲುಬು ಮತ್ತು ಹಲ್ಲಿನಲ್ಲಿ ನೆಲೆಸುತ್ತದೆ. ಅರ್ಧಾಯುಷ್ಯ, ಅಂದರೆ ಅದರ ಅರ್ಧ ಭಾಗ ಕ್ಷಯಿಸಲು ಬೇಕಾದ ಕಾಲ, ಸುಮಾರು 29 ವರ್ಷ. ಎಲುಬಿನ ಪಕ್ಕದಲ್ಲೇ ರಕ್ತ ತಯಾರಾಗುವ ಮಜ್ಜೆ ಇರುವುದರಿಂದ, ಪ್ರಮಾಣ ಹೆಚ್ಚಾದರೆ ಎಲುಬಿನ ಕ್ಯಾನ್ಸರ್ ಮತ್ತು ರಕ್ತದ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚುತ್ತದೆ. ಸೇಂಟ್ ಲೂಯಿಸ್‌ನಲ್ಲಿ 1950ರಲ್ಲಿ ಹುಟ್ಟಿದ ಮಕ್ಕಳ ಹಲ್ಲಿಗೆ ಹೋಲಿಸಿದರೆ 1963ರಲ್ಲಿ ಹುಟ್ಟಿದವರ ಹಲ್ಲಿನಲ್ಲಿ ಸ್ಟ್ರಾನ್ಷಿಯಂ-90 ಸುಮಾರು 50 ಪಟ್ಟು ಇತ್ತು.

ನಾನು ಹುಟ್ಟಿದ್ದೂ 1963ರಲ್ಲೇ, ಮಲ್ಲೇಶ್ವರದಲ್ಲಿ. ಅದರ ಹಿಂದಿನ ಎರಡು ವರ್ಷ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪೈಪೋಟಿಗೆ ಬಿದ್ದು ಆಕಾಶದಲ್ಲಿ ಬಾಂಬ್ ಸಿಡಿಸಿದ್ದವು; 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟದ ಉತ್ತರದ ದ್ವೀಪ ನೊವಾಯಾ ಜೆಮ್ಲ್ಯಾದಲ್ಲಿ ಸಿಡಿದ ಒಂದೇ ಬಾಂಬಿನ ಶಕ್ತಿ 50 ಮೆಗಾಟನ್, ಅಂದರೆ ಐದು ಕೋಟಿ ಟನ್ ಟಿ.ಎನ್.ಟಿ. ಸಿಡಿಮದ್ದಿನಷ್ಟು. ನಮ್ಮ ಮನೆಗೆ ಆಗ ಹಾಲು ಪೊಟ್ಟಣದಲ್ಲಿ ಬರುತ್ತಿರಲಿಲ್ಲ. ಗೌಳಿಗರು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು, ಅಮ್ಮ ಹಿಡಿದ ಚೊಂಬಿಗೆ ಕರೆದುಕೊಡುತ್ತಿದ್ದರು. ಆ ಹಸು ಸ್ಯಾಂಕಿ ಕೆರೆಯ ಸುತ್ತ ಮೇಯುತ್ತಿತ್ತು. ಮಳೆ ನೆನೆದ ಹುಲ್ಲನ್ನೇ ತಿನ್ನುತ್ತಿತ್ತು. ನನಗೆ ಆರು ತಿಂಗಳಾದಾಗ ಅಜ್ಜಿ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ, ಆ ಹಾಲಿನಲ್ಲೇ ಸರಿ ಕಾಯಿಸಿ ಕೊಟ್ಟರಂತೆ. ಮಗುವಿಗೆ ಎಲುಬು ಗಟ್ಟಿಯಾಗಲೆಂದು ಅವರು ಪಟ್ಟ ಪಾಡು ಅದು.

ಸ್ವಾಮಿ, ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಸ್ಟ್ರಾನ್ಷಿಯಂ ಸುಣ್ಣದ ಜಾಡನ್ನೇ ಹಿಡಿದು ಹೋಗುತ್ತದೆ. ಮಣ್ಣಿನಲ್ಲಿ ಸುಣ್ಣ ಕಡಿಮೆ, ಹುಳಿ ಹೆಚ್ಚು ಇದ್ದರೆ ಗಿಡ ಅದನ್ನು ಇನ್ನೂ ಹೆಚ್ಚು ಹೀರುತ್ತದೆ; ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣಿಗೆ ಸುಣ್ಣದ ಕೊರತೆ ಇದ್ದದ್ದೇ. ಧಾನ್ಯದ ಹೊರಪದರದಲ್ಲಿ ಅದು ಹೆಚ್ಚಾಗಿ ನಿಲ್ಲುತ್ತದೆ. ಅಕ್ಕಿಯನ್ನು ಪಾಲಿಶ್ ಮಾಡಿದಾಗ ಒಂದು ಪಾಲು ತೌಡಿನೊಂದಿಗೆ ಹೋಗುತ್ತದೆ, ರಾಗಿಯನ್ನಾದರೋ ನಾವು ಸಿಪ್ಪೆಸಹಿತ ಬೀಸಿ ಮುದ್ದೆ ಕಟ್ಟುತ್ತೇವೆ. ಹಸುವಿನದು ಇದಕ್ಕೆ ವಿರುದ್ಧವಾದ ಕಥೆ: ಮೇವಿನಲ್ಲಿ ಸುಣ್ಣಕ್ಕೆ ಹೋಲಿಸಿದರೆ ಸ್ಟ್ರಾನ್ಷಿಯಂ ಎಷ್ಟಿತ್ತೋ ಆ ಪ್ರಮಾಣದ ಹತ್ತನೇ ಒಂದರಷ್ಟು ಮಾತ್ರ ಹಾಲಿಗೆ ಬರುತ್ತದೆ. ಹಾಲನ್ನೇ ಮುಖ್ಯ ಆಹಾರವಾಗಿ ಉಳ್ಳ ದೇಶಗಳ ಲೆಕ್ಕವನ್ನು ಮುದ್ದೆ, ಸೊಪ್ಪು, ಸಾರು ಉಣ್ಣುವವರಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ ಎಂಬುದು ಇದರಿಂದ ತಮಗೆ ಸ್ಪಷ್ಟವಾದೀತು. ನಮ್ಮ ಲೆಕ್ಕ ನಮ್ಮ ತಟ್ಟೆಯಿಂದಲೇ ಆಗಬೇಕು.

ಜನರನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬಾಂಬಿನ ಧೂಳು ಹೆಚ್ಚು ಬಿದ್ದದ್ದು ಉತ್ತರದ 40ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ. 13 ಡಿಗ್ರಿಯಲ್ಲಿರುವ ನಮಗೆ ಬಿದ್ದದ್ದು ಕಡಿಮೆ. ಬಾಂಬ್ ಪರೀಕ್ಷೆಗಳ ಧೂಳಿನಿಂದ ಪ್ರಪಂಚದ ಒಬ್ಬ ಮನುಷ್ಯನಿಗೆ ಸರಾಸರಿ ತಗಲುತ್ತಿದ್ದ ವಿಕಿರಣ 1963ರಲ್ಲಿ ಅತಿ ಹೆಚ್ಚೆಂದರೆ ವರ್ಷಕ್ಕೆ 0.11 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಇತ್ತು. 2000ದ ಹೊತ್ತಿಗೆ ಅದು 0.005ರ ಆಸುಪಾಸಿಗೆ ಇಳಿದಿತ್ತು. ಕಲ್ಲು, ಮಣ್ಣು, ಆಕಾಶದಿಂದ ಸಹಜವಾಗಿ ನಮಗೆ ತಗಲುವುದು ಸರಾಸರಿ 2.4. ರಾಗಿ ಬಿಡಿ ಎಂದು ಯಾರಾದರೂ ಈ ಪತ್ರ ತೋರಿಸಿ ಹೇಳಿದರೆ ಅವರಿಗೆ ನನ್ನ ಪತ್ರ ಅರ್ಥವಾಗಿಲ್ಲವೆಂದೇ ಅರ್ಥ. ಊಟದಲ್ಲಿ ಸುಣ್ಣ ಸಾಕಷ್ಟಿದ್ದರೆ ದೇಹ ಸ್ಟ್ರಾನ್ಷಿಯಂ ಅನ್ನು ಅಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ ಎಂಬುದೂ ನಿಜವೇ.

ಆದರೆ ಸರಾಸರಿ ಎಂಬ ಮಾತಿನ ಹಿಂದೆ ಕೆಲವು ಮಕ್ಕಳು ಮರೆಯಾಗುತ್ತಾರೆ. ಬಾಂಬಿನಿಂದ ಹುಟ್ಟುವ ಇನ್ನೊಂದು ವಸ್ತುವಾದ ಅಯೋಡಿನ್-131ರ ಉದಾಹರಣೆ ನೋಡಿ. ಅದರ ಅರ್ಧಾಯುಷ್ಯ ಬರೀ 8 ದಿನ, ಆದ್ದರಿಂದ ಅದು ಕೆಡುಕು ಮಾಡುವುದು ಮೊದಲ ಕೆಲವು ವಾರಗಳಲ್ಲಿ. ಹುಲ್ಲಿನ ಮೇಲೆ ಬಿದ್ದದ್ದು ಹಸುವಿನ ಹೊಟ್ಟೆ ಸೇರಿ, ಎರಡು ಮೂರು ದಿನದಲ್ಲಿ ಹಾಲಿಗೆ ಬಂದು, ಹಾಲು ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಒಟ್ಟಾಗುತ್ತದೆ. ಮಗು ಹಾಲು ಕುಡಿಯುವುದು ಹೆಚ್ಚು, ಅದರ ಗ್ರಂಥಿಯೋ ಚಿಕ್ಕದು. ಅಷ್ಟೇ ಹಾಲಿನಿಂದ ದೊಡ್ಡವರಿಗಿಂತ ಹಲವು ಪಟ್ಟು ಪೆಟ್ಟು ಮಗುವಿಗೆ. ಅಮೆರಿಕದ ನೆವಾಡ ರಾಜ್ಯದಲ್ಲಿ ನಡೆದ ಬಾಂಬ್ ಪರೀಕ್ಷೆಗಳ ಈ ಅಯೋಡಿನ್‌ನಿಂದಾಗಿ ಅಮೆರಿಕದಲ್ಲಿ 11,000ದಿಂದ 2,12,000ದವರೆಗೆ ಥೈರಾಯ್ಡ್ ಕ್ಯಾನ್ಸರ್‌ಗಳು ಬರಬಹುದೆಂದು ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1997ರಲ್ಲಿ ಅಂದಾಜು ಮಾಡಿತು. ಬಾಂಬ್ ಸಿಡಿದು ನಾಲ್ಕು ದಶಕ ಕಳೆದ ಮೇಲೆ!

ಆ ದೇಶದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1945ರ ಜುಲೈ 16ರ ಮೊಟ್ಟಮೊದಲ ಪರೀಕ್ಷೆಯ ನಂತರ ಕೊಡಾಕ್ ಕಂಪನಿಯ ಎಕ್ಸ್-ರೇ ಫಿಲಂಗಳ ಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಇಂಡಿಯಾನಾ ರಾಜ್ಯದಲ್ಲಿ ಹುಲ್ಲಿನಿಂದ ಮಾಡಿದ ರಟ್ಟು ಬಾಂಬಿನ ಧೂಳು ಹೊತ್ತು ಬಂದಿತ್ತು. ಮುಂದೆ ನೆವಾಡದಲ್ಲಿ ಪರೀಕ್ಷೆ ಶುರುವಾದಾಗ ಕಂಪನಿ ನ್ಯಾಯಾಲಯಕ್ಕೆ ಹೋಗುವ ಮಾತಾಡಿತು, ಸರ್ಕಾರ ಫಿಲಂ ತಯಾರಕರಿಗೆ ಪರೀಕ್ಷೆಯ ಮುನ್ಸೂಚನೆ ಕೊಡಲು ಒಪ್ಪಿತು. ಫಿಲಂಗೆ ಸಿಕ್ಕ ಮುನ್ಸೂಚನೆ ಹಾಲು ಕುಡಿಯುವ ಮಕ್ಕಳ ತಾಯಂದಿರಿಗೆ ಸಿಗಲಿಲ್ಲ. ಪಾಠದ ನಡುವೆ ಇದನ್ನು ಹೇಳಿದಾಗಲೆಲ್ಲ ತರಗತಿ ಒಂದು ನಿಮಿಷ ಸುಮ್ಮನಾಗುತ್ತಿತ್ತು.

ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ 1954ರ ಮಾರ್ಚ್ 1ರಂದು ಸಿಡಿಸಿದ 15 ಮೆಗಾಟನ್ ಬಾಂಬಿನ ಬಿಳಿಯ ಬೂದಿ ರೊಂಗೆಲಾಪ್ ದ್ವೀಪದ ಮಕ್ಕಳ ಮೇಲೆ ಸುರಿಯಿತು. ಅವರು ಅದರಲ್ಲಿ ಆಡಿದರು. ಮುಂದೆ ಅವರಲ್ಲಿ ಬಹುಪಾಲು ಮಕ್ಕಳಿಗೆ ಥೈರಾಯ್ಡ್ ಗಂಟುಗಳಾದವು. ಅದೇ ಬೂದಿ ಬಿದ್ದ ಜಪಾನಿನ ಮೀನುಗಾರಿಕೆ ದೋಣಿಯಲ್ಲಿ 23 ಮಂದಿಯಿದ್ದರು. ಒಬ್ಬರು ಆ ವರ್ಷವೇ ತೀರಿಕೊಂಡರು. ಬಿಕಿನಿಯವರನ್ನು ಊರಿಗೆ ಮರಳಿ ಕರೆತಂದು, ಅವರು ತಿಂದ ತೆಂಗಿನಕಾಯಿಯಿಂದ ಮೈಯೊಳಗೆ ಬಾಂಬಿನದೇ ಮತ್ತೊಂದು ವಿಕಿರಣಶೀಲ ವಸ್ತುವಾದ ಸೀಸಿಯಂ-137 ಏರುತ್ತಿರುವುದು ಗೊತ್ತಾಗಿ 1978ರಲ್ಲಿ ಮತ್ತೆ ಖಾಲಿ ಮಾಡಿಸಿದರು. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆ; ಮರ ಅದರ ಬದಲಿಗೆ ಸೀಸಿಯಂ ಹೀರಿತು. ತೆಂಗಿನಕಾಯಿ ಇಲ್ಲದೆ ಅಡುಗೆಯಾಗದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1954ರ ಆ ಮಾರ್ಚ್ ತಿಂಗಳ ಸುದ್ದಿ ದೆಹಲಿಗೆ ತಲುಪಿದಾಗ ನಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಏಪ್ರಿಲ್ 2ರಂದು ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು, ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಬೇಕೆಂದು ಕೇಳಿದರು. 1955ರಲ್ಲಿ ವಿಶ್ವಸಂಸ್ಥೆ ವಿಕಿರಣದ ಪರಿಣಾಮ ಅರಿಯಲು 15 ದೇಶಗಳ ವಿಜ್ಞಾನ ಸಮಿತಿ ಕಟ್ಟಿದಾಗ ಭಾರತ ಅದರಲ್ಲಿತ್ತು. 1956ರಲ್ಲಿ ವಿಜ್ಞಾನಿ ಡಿ.ಎಸ್. ಕೊಠಾರಿ ಅವರ ನೇತೃತ್ವದಲ್ಲಿ, ನೆಹರೂ ಅವರ ಮುನ್ನುಡಿಯೊಂದಿಗೆ, ಅಣುಸ್ಫೋಟಗಳ ಪರಿಣಾಮವನ್ನು ಕುರಿತ ಪುಸ್ತಕವೊಂದನ್ನು ಸರ್ಕಾರವೇ ಅಚ್ಚು ಹಾಕಿಸಿತು. ಮುಂಬೈನ ಟ್ರಾಂಬೆಯ ಅಣುಶಕ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗಾಳಿ, ಮಳೆ, ಹಾಲುಗಳಲ್ಲಿ ಈ ಧೂಳನ್ನು ಅಳೆಯತೊಡಗಿದರು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಒಂದು ಹೊಸ ದೇಶ ಮಾಡಿದ ಕೆಲಸ ಅದು.

ಅಳತೆ ಹೇಳಿದರೆ ಜನ ಗಾಬರಿಯಾಗುತ್ತಾರೆ ಎಂದು ಒಬ್ಬ ಅಧಿಕಾರಿ ನನಗೆ ಹೇಳಿದರು. ಹಾಗಾಗುವುದಿಲ್ಲ ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. 1986ರ ಚೆರ್ನೋಬಿಲ್ ಅಣು ಸ್ಥಾವರದ ಅಪಘಾತದ ನಂತರ ಐರ್ಲೆಂಡಿನಿಂದ ಮುಂಬೈಗೆ ಬಂದ 200 ಟನ್ ಬೆಣ್ಣೆಯಲ್ಲಿ ವಿಕಿರಣವಿದೆಯೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟ್ ತಜ್ಞರ ಸಮಿತಿಯನ್ನು ನೇಮಿಸಿ, ವರದಿ ತರಿಸಿಕೊಂಡು, ಬೆಣ್ಣೆಯಿಂದ ಹಾನಿಯಿಲ್ಲವೆಂದು 1988ರಲ್ಲಿ ತೀರ್ಪು ಕೊಟ್ಟಿತು. ಅನುಮಾನವನ್ನು ಅಳತೆಯಿಂದ ಬಗೆಹರಿಸಿಕೊಂಡದ್ದು ಹೀಗೆ.

ಈಗ ನನ್ನ ತಿರುಗಾಟದ ಮಾತು. ಕಚೇರಿಗಳ ಹೆಸರು ಹೇಳುವುದಿಲ್ಲ. ಅಲ್ಲಿನವರು ಒರಟಾಗಿ ನಡೆದುಕೊಳ್ಳಲಿಲ್ಲ, ಅವರಿಗೆ ಯಾರೂ ಈ ಕೆಲಸ ವಹಿಸಿರಲಿಲ್ಲ ಅಷ್ಟೆ. ಮೊದಲ ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಮೇಡಂ, ಹಾಲಲ್ಲಿ ನೀರಿದೆಯಾ, ಯೂರಿಯಾ ಇದೆಯಾ ಅಂತ ಕೇಳಿ, ಕೊಡ್ತೀವಿ. ಬಾಂಬ್ ಇದೆಯಾ ಅಂದ್ರೆ ನಾನೇನು ಬರೀಲಿ?" ಎಂದರು. ಇಬ್ಬರೂ ನಕ್ಕೆವು. ಬಳಿಕ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಡಿ ಕೇಳಿದೆ. ಐದು ದಿನದೊಳಗೆ ಆಗಬೇಕಾದ ವರ್ಗಾವಣೆಗೆ ಇಪ್ಪತ್ತಾರು ದಿನ ಹಿಡಿಯಿತು. 6(3)ನೇ ಪ್ರಕರಣದಡಿ ಅರ್ಜಿ ಎರಡನೆಯ ಕಚೇರಿಗೆ ಹೋಯಿತು. ಅವರು, ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಎಂದು ಒಂದೂವರೆ ಸಾಲು ಬರೆದು ಸೀಲು ಒತ್ತಿ ಮೂರನೆಯವರಿಗೆ ಕಳಿಸಿದರು. ಮೂರನೆಯವರು, ಇದು ಮೊದಲನೆಯ ಕಚೇರಿಯ ವ್ಯಾಪ್ತಿಗೆ ಬರುತ್ತದೆಂದು ತಿಳಿಸಿದರು. ಮೂರು ಸೀಲುಗಳೂ ನೇರಳೆ ಬಣ್ಣದವು. ನನ್ನ ಫೈಲಿನಲ್ಲಿ ಜೋಪಾನವಾಗಿವೆ.

ಪರಮಾಣು ಶಕ್ತಿ ಕೇಂದ್ರ ಸರ್ಕಾರದ ವಿಷಯ, ರಾಜ್ಯದ್ದಲ್ಲ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೆ ಆಹಾರದ ಸುರಕ್ಷತೆ ನೋಡಿಕೊಳ್ಳುವುದು ತಮ್ಮ ಇಲಾಖೆ, ಮತ್ತು ಕೈಗಾ ಇರುವುದು ನಮ್ಮ ರಾಜ್ಯದಲ್ಲಿ. ಇದು ಹಳೆಯ ಕಥೆ, ಈಗೇಕೆ ಎಂದೂ ಕೇಳಬಹುದು. ಆಕಾಶದಲ್ಲಿ ಕೊನೆಯ ಪರೀಕ್ಷೆ ನಡೆದದ್ದು 1980ರ ಅಕ್ಟೋಬರ್ 16ರಂದು, ಚೀನಾದ ಲೋಪ್ ನೋರ್‌ನಲ್ಲಿ; ಅದಾಗಲೇ ಗಾಳಿಯಲ್ಲಿ ಸಿಡಿಸಿದ ಬಾಂಬುಗಳು ಐನೂರನ್ನು ದಾಟಿದ್ದವು. ಆದರೆ ಎಲ್ಲ ಪರೀಕ್ಷೆಗಳನ್ನೂ ನಿಷೇಧಿಸುವ 1996ರ ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ, ಭಾರತ ಅದಕ್ಕೆ ಸಹಿ ಹಾಕಿಲ್ಲ, ರಷ್ಯಾ ತಾನು ಕೊಟ್ಟಿದ್ದ ಅನುಮೋದನೆಯನ್ನು 2023ರಲ್ಲಿ ಹಿಂದಕ್ಕೆ ಪಡೆಯಿತು. ಚೆರ್ನೋಬಿಲ್ ಮತ್ತು ಫುಕುಶಿಮಾಗಳಲ್ಲಿ ಹೊರಬಿದ್ದದ್ದೂ ಇದೇ ಅಯೋಡಿನ್, ಇದೇ ಸೀಸಿಯಂ. ನಾಳೆ ಏನಾದರೂ ಬಿದ್ದರೆ ಎಷ್ಟು ಬಿತ್ತೆಂದು ಹೇಳಲು ಇಂದು ಎಷ್ಟಿದೆ ಎಂಬುದು ಗೊತ್ತಿರಬೇಕಲ್ಲ? ಇಲ್ಲಿಂದ ಎರಡು ಗಂಟೆಯ ದಾರಿಯ ಗೌರಿಬಿದನೂರಿನಲ್ಲಿ, ದೂರದ ದೇಶಗಳಲ್ಲಿ ನೆಲದೊಳಗೆ ಸಿಡಿಸಿದ ಬಾಂಬನ್ನೂ ಪತ್ತೆ ಹಚ್ಚಬಲ್ಲ ಭೂಕಂಪ ಮಾಪಕಗಳು 1965ರಿಂದ ಕಿವಿಗೊಟ್ಟು ಕುಳಿತಿವೆ. ಅಷ್ಟು ಸಾಮರ್ಥ್ಯವಿರುವ ದೇಶಕ್ಕೆ ಒಂದು ಲೀಟರ್ ಹಾಲನ್ನು ಅಳೆದು ಹೇಳುವುದು ಹೆಚ್ಚಿನದಲ್ಲ.

ನನ್ನ ಕೋರಿಕೆ ಇಷ್ಟು. ಪ್ರತಿ ಜಿಲ್ಲೆಯಿಂದ ಮುಂಗಾರಿಗೆ ಮೊದಲೊಮ್ಮೆ, ನಂತರವೊಮ್ಮೆ ಹಾಲು, ರಾಗಿ, ಸೊಪ್ಪು ಮತ್ತು ಕರಾವಳಿಯ ಮೀನಿನ ಮಾದರಿ ತೆಗೆಸಿ, ಕೇಂದ್ರದ ಪರಮಾಣು ಪ್ರಯೋಗಾಲಯಗಳ ನೆರವಿನಿಂದ ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90ನ್ನು ಅಳೆಸಬೇಕು. ಸೀಸಿಯಂಗೆ ಗಾಮಾ ಮಾಪಕ ಸಾಕು. ಸ್ಟ್ರಾನ್ಷಿಯಂ ತಾಳ್ಮೆ ಬೇಡುತ್ತದೆ: ಹಾಲನ್ನು ಬತ್ತಿಸಿ, ಕುಲುಮೆಯಲ್ಲಿ ಬಿಳಿ ಬೂದಿಯಾಗುವವರೆಗೆ ಸುಟ್ಟು, ಸುಣ್ಣದಿಂದ ಬೇರ್ಪಡಿಸಿ, ಸ್ಟ್ರಾನ್ಷಿಯಂನಿಂದ ಯಿಟ್ರಿಯಂ-90 ಹುಟ್ಟಿ ಸಮತೂಕಕ್ಕೆ ಬರಲು ಎರಡು ವಾರ ಕಾದು ಎಣಿಸಬೇಕು. ಬಂದ ಅಂಕಿಗಳನ್ನು ಅಂತರರಾಷ್ಟ್ರೀಯ ಆಹಾರ ಮಾನದಂಡಗಳಾದ ಕೋಡೆಕ್ಸ್ ಮಟ್ಟಗಳ ಪಕ್ಕದಲ್ಲಿಟ್ಟು ಕನ್ನಡದಲ್ಲಿ ಪ್ರಕಟಿಸಬೇಕು. ಶಿಶು ಆಹಾರದಲ್ಲಿ ಸ್ಟ್ರಾನ್ಷಿಯಂ-90ಕ್ಕೆ ಆ ಮಟ್ಟ ಕಿಲೋಗೆ 100 ಬೆಕೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಕ್ಷಯಿಸುತ್ತವೆಂಬ ಎಣಿಕೆ), ಸೀಸಿಯಂ-137ಕ್ಕೆ 1,000. ನಮ್ಮ ಅಂಕಿ ಇವುಗಳ ಹತ್ತಿರವೂ ಸುಳಿಯಲಾರದೆಂಬುದೇ ನನ್ನ ನಿರೀಕ್ಷೆ. ಹಾಗಿದ್ದರೆ ಮುಚ್ಚಿಡಲು ಕಾರಣವೇ ಇಲ್ಲ.

ಧೂಳು ಬಿದ್ದ ದಿನ ಹಾಲನ್ನು ಏನು ಮಾಡಬೇಕೆಂಬ ಆದೇಶವೂ ಮೊದಲೇ ಸಿದ್ಧವಿರಲಿ. ಹಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಒಣಮೇವು ಹಾಕುವುದು, ಆ ವಾರಗಳ ಹಾಲನ್ನು ಪುಡಿ ಮಾಡಿಟ್ಟು ಅಯೋಡಿನ್ ತಾನಾಗಿ ಕ್ಷಯಿಸಿದ ಮೇಲೆ ಬಳಸುವುದು, ಮಕ್ಕಳಿಗೆ ಹಳೆಯ ದಾಸ್ತಾನಿನ ಹಾಲಿನ ಪುಡಿ ಕೊಡುವುದು, ಇವು ದುಬಾರಿ ಕೆಲಸಗಳಲ್ಲ. ರೈತನ ಹಾಲು ಚರಂಡಿಗೆ ಹೋಗದಂತೆಯೂ ಇದರಿಂದ ತಡೆಯಬಹುದು.

ಕೊನೆಯದಾಗಿ ಹಲ್ಲಿನ ವಿಷಯ. ಒಂದು ಹಲ್ಲಿನಿಂದ ನಂಬುವಂಥ ಅಳತೆ ಸಿಗುವುದು ಕಷ್ಟ. ಒಂದೇ ವರ್ಷ ಹುಟ್ಟಿದ ಮಕ್ಕಳ ಹತ್ತಾರು ಹಲ್ಲುಗಳನ್ನು ಒಟ್ಟುಗೂಡಿಸಬೇಕು. ಬೆಂಗಳೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ, ಅಲ್ಲಿ ದಿನವೂ ಮಕ್ಕಳ ಹಲ್ಲು ಕೀಳುತ್ತಾರೆ, ಸಂಜೆ ಅವು ಕಸಕ್ಕೆ ಹೋಗುತ್ತವೆ. ತಾಯ್ತಂದೆಯರ ಒಪ್ಪಿಗೆ ಪಡೆದು, ಹುಟ್ಟಿದ ವರ್ಷ ಮತ್ತು ಊರು ಬರೆದು ಕೂಡಿಡುವಂತೆ ಆ ಕಾಲೇಜುಗಳಿಗೆ ತಾವು ಒಂದು ಸುತ್ತೋಲೆ ಕಳಿಸಿದರೆ ಸಾಕು.

ಮೊಮ್ಮಗಳ ಹಲ್ಲು ಹಳೆಯದೊಂದು ಕುಂಕುಮದ ಭರಣಿಯಲ್ಲಿದೆ; ಈ ಆಷಾಢದಲ್ಲಿ ಎರಡನೆಯದೂ ಸೇರಿತು. ಮುಚ್ಚಳದ ಮೇಲೆ ಹುಟ್ಟಿದ ವರ್ಷ 2018, ಊರು ಬೆಂಗಳೂರು ಎಂದು ಚೀಟಿ ಅಂಟಿಸಿದ್ದೇನೆ. ತಮ್ಮ ಇಲಾಖೆ ಯಾವ ಬಾಗಿಲಿಗೆ ತರಲು ಹೇಳುತ್ತದೋ ಅಲ್ಲಿಗೆ ನಾನೇ ತಂದೊಪ್ಪಿಸುತ್ತೇನೆ. ಬಿಲ್ಲೆಯೊಂದನ್ನು ಮಾಡಿಸಿದರೆ ಅವಳಿಗೆ ಸಂತೋಷವಾದೀತು.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಬೆಂಗಳೂರು